ನಾಲ್ಕನೇ ಮೇಜಿನ ಬಿಲ್ಲೆ

ವೈದ್ಯಕೀಯ ಕಾಲೇಜುಗಳಲ್ಲಿ ಅನಾಟಮಿ ಕಲಿಸಲು ಹೊರಟಿರುವ ವಿಜ್ಞಾನ ಪದವೀಧರರು ಈಗಲೂ ಆಗಾಗ ನನಗೆ ಫೋನ್ ಮಾಡುತ್ತಾರೆ. ಕೇಳುವುದು ಒಂದೇ ಪ್ರಶ್ನೆ: "ಮೇಡಂ, ನಾವು ಡಾಕ್ಟರಲ್ಲ. ಡಾಕ್ಟರಾಗುವ ಮಕ್ಕಳು ನಮ್ಮ ಮಾತು ಕೇಳ್ತಾರಾ?" ನಾನೂ ಡಾಕ್ಟರಲ್ಲ. ಪ್ರಾಣಿಶಾಸ್ತ್ರ ಓದಿ, ಸಂಶೋಧನೆ ಮಾಡಿ, ಆಮೇಲೆ ಶವದ ಮೇಜಿನ ಮುಂದೆ ನಿಂತವಳು. "ಕೇಳ್ತಾರೆ, ಮೊದಲ ದಿನ ಅಲ್ಲ" ಎಂದು ಹೇಳಿ ಫೋನ್ ಇಡುತ್ತಿದ್ದೆ. ಅಷ್ಟು ಉತ್ತರ ಸಾಲದು ಎನಿಸಿ ಈಗ ಬರೆಯಲು ಕೂತಿದ್ದೇನೆ.

ಮೊದಲೇ ಒಂದು ಮಾತು. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಅದು ಕಥೆಯನ್ನು ಚೆನ್ನಾಗಿ ಹೇಳುತ್ತದೆ, ಅದೇ ಅದರ ದೋಷ. ಕೆಲಸದ ದಿನಗಳಲ್ಲಿ ಬ್ರಹ್ಮಾವರದ ಮನೆಗೆ ಬಂದು, ಶವ ಕೆಡದಂತೆ ಹಾಕುವ ಫಾರ್ಮಾಲಿನ್ನಿನ ವಾಸನೆ ಕೈಯಿಂದ ಹೋಗುವಷ್ಟು ಸೋಪು ಹಾಕಿ ತೊಳೆದು, ಎರಡು ಮೂರು ಸಾಲು ಡೈರಿ ಬರೆಯುತ್ತಿದ್ದೆ. ಆ ಪುಸ್ತಕಗಳು ಈಗ ಪಕ್ಕದಲ್ಲಿವೆ. ಕೆಲವು ಕಡೆ ನೆನಪೂ ಡೈರಿಯೂ ಜಗಳವಾಡುತ್ತವೆ. ಒಂದು ಜಗಳವಂತೂ ಎಷ್ಟು ದೊಡ್ಡದಾಯಿತೆಂದರೆ, ಅದನ್ನು ತೀರಿಸಲು ನಾನು ಬಸ್ಸು ಹಿಡಿದು ಬೈಂದೂರಿನ ಹತ್ತಿರದ ಯಡ್ತರೆಯವರೆಗೆ ಹೋಗಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

೧೯೯೭ರಲ್ಲಿ ನನ್ನನ್ನು ಈ ತರಬೇತಿಯ ಕೆಲಸಕ್ಕೆ ಹಚ್ಚಿದವರು ನಮ್ಮ ವಿಭಾಗದ ಮುಖ್ಯಸ್ಥರು. ಸ್ವತಃ ಡಾಕ್ಟರು, ಮಾತು ಒರಟು. ಡಾಕ್ಟರಾದವರಿಗೆ ಕ್ಲಿನಿಕ್ ಇರುತ್ತದೆ, ಅನಾಟಮಿ ವಿಭಾಗಕ್ಕೆ ಬರುವವರು ಕಡಿಮೆ. ಹಾಗಾಗಿ ವಿಜ್ಞಾನ ಓದಿದವರನ್ನು ತೆಗೆದುಕೊಂಡು ಕಲಿಸುವವರನ್ನಾಗಿ ತಯಾರು ಮಾಡಬೇಕಿತ್ತು. "ಇವರಿಗೆ ಓದಿ ಗೊತ್ತು, ಮುಟ್ಟಿ ಗೊತ್ತಿಲ್ಲ. ನೀವು ಮುಟ್ಟಿಸಿ" ಎಂದರು. ನನಗೆ ಸಿಕ್ಕ ಪಠ್ಯಕ್ರಮ ಅಷ್ಟೇ.

ಬಟ್ಟೆಯ ಚೀಲವೊಂದರಲ್ಲಿ ಮೂಳೆಗಳನ್ನು ತುಂಬಿದೆ. ಬಂದವರು ನೋಡದೆ ಚೀಲದೊಳಗೆ ಕೈ ಹಾಕಬೇಕು, ಸಿಕ್ಕ ಮೂಳೆ ಯಾವುದು, ಎಡಗಡೆಯದೋ ಬಲಗಡೆಯದೋ ಹೇಳಬೇಕು. ಪುಸ್ತಕ ಬಾಯಿಪಾಠ ಮಾಡಿದ ಜಾಣರು ಮಣಿಕಟ್ಟಿನ ಸಣ್ಣ ಮೂಳೆ ಹಿಡಿದು ಬೆವರುತ್ತಿದ್ದರು. ಒಬ್ಬರು ಹತ್ತು ನಿಮಿಷ ತಡಕಾಡಿ, "ಮೇಡಂ, ಇದು ಕಲ್ಲು" ಎಂದರು.

ನನ್ನ ಮೊದಲ ದೊಡ್ಡ ತಪ್ಪು ಆ ವರ್ಷವೇ ಆಯಿತು. ನನ್ನ ಪಾಠವನ್ನು ನೋಡಿ ಹಾಗೆಯೇ ಮಾಡಿ ಎಂದು ಹೇಳಿಬಿಟ್ಟೆ. ತಿಂಗಳ ಕೊನೆಗೆ ತರಬೇತಿಗೆ ಬಂದಿದ್ದ ಮೂವರೂ ನನ್ನ ಹಾಗೆಯೇ ಸೀಮೆಸುಣ್ಣ ತಿರುಗಿಸುತ್ತಾ, ಪ್ರತಿ ವಾಕ್ಯದ ಕೊನೆಗೆ "ಅಲ್ವಾ?" ಎನ್ನುತ್ತಿದ್ದರು. ನಾನು ಅಷ್ಟೊಂದು ಸಲ "ಅಲ್ವಾ" ಎನ್ನುತ್ತೇನೆಂದು ಆವರೆಗೆ ನನಗೇ ಗೊತ್ತಿರಲಿಲ್ಲ. ಮಕ್ಕಳಿಗೆ ಗೊತ್ತಿತ್ತು. ಹಿಂದಿನ ಬೆಂಚಿನಲ್ಲಿ ಗೀಟು ಎಳೆದು ಲೆಕ್ಕ ಇಡುತ್ತಿದ್ದರು.

ಜೀವರಸಾಯನಶಾಸ್ತ್ರ ಓದಿ ಬಂದಿದ್ದ ಒಬ್ಬರು ಯಕೃತ್ತಿನ ಮೇಲೆ ಒಂದು ತಾಸು ಸೊಗಸಾಗಿ ಮಾತಾಡಿದರು. ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಅದು ಹೊಟ್ಟೆಯ ಯಾವ ಪಕ್ಕದಲ್ಲಿದೆ?" ಎಂದಳು. ಅದನ್ನೊಂದನ್ನು ಅವರು ಹೇಳಿರಲಿಲ್ಲ. ಆಮೇಲೆ ನಾನು ಎಲ್ಲರಿಗೂ ಎರಡು ನಿಯಮ ಮಾಡಿದೆ. ಮೊದಲು ನಿಮ್ಮ ಮೈಮೇಲೆ ಕೈಯಿಟ್ಟು ಜಾಗ ತೋರಿಸಿ. ಗೊತ್ತಿಲ್ಲದ್ದನ್ನು ಕೇಳಿದರೆ "ಗೊತ್ತಿಲ್ಲ, ನಾಳೆ ನೋಡಿ ಹೇಳ್ತೇನೆ" ಎನ್ನಿ, ಮತ್ತು ನಾಳೆ ಹೇಳಿ. ಈ ಎರಡನೆಯದನ್ನು ಪಾಲಿಸಿದವರನ್ನು ಮಕ್ಕಳು ಯಾವತ್ತೂ ಕೈಬಿಟ್ಟಿಲ್ಲ.

ಬಣ್ಣದ ಸೀಮೆಸುಣ್ಣ ಹೋಗಿ ಪ್ರೊಜೆಕ್ಟರ್ ಬಂತು. ಚಿತ್ರಗಳು ಚಂದವಾದವು, ಚಿತ್ರ ಬರೆಯುವ ಕೈಗಳು ಕಡಿಮೆಯಾದವು. ಕರೆಂಟು ಹೋದ ದಿನ ಯಾರು ಅಧ್ಯಾಪಕರು, ಯಾರು ಬರೇ ಗುಂಡಿ ಒತ್ತುವವರು ಎಂದು ತಿಳಿಯುತ್ತಿತ್ತು. ಇದು ಮುದುಕಿಯ ಗೊಣಗಾಟವೂ ಇರಬಹುದು. ನನಗೆ ಕೊನೆಯವರೆಗೂ ಆ ಗುಂಡಿ ಸರಿಯಾಗಿ ಒತ್ತಲು ಬರಲಿಲ್ಲ.

ಇನ್ನು ತರಬೇತಿಗೆ ಬಂದವರಲ್ಲಿ ಮಾಧವನ ವಿಷಯ. ಗಂಗೊಳ್ಳಿಯವನು. ಮನೆಯವರು ತಲೆಮಾರುಗಳಿಂದ ಮೀನುಗಾರರು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ನಾಲ್ಕು ವರ್ಷ ಪಿ.ಯು. ಕಾಲೇಜಿನಲ್ಲಿ ಕಲಿಸಿ ಬಂದಿದ್ದ. ಸಂದರ್ಶನದಲ್ಲಿ ಮುಖ್ಯಸ್ಥರು ಅವನ ಅರ್ಜಿ ನೋಡಿ, "ಎಂತ ಮಾರಾಯ, ಬಂಗುಡೆ ಮೀನು ಕುಯ್ದವ ಮನುಷ್ಯನ ಹೃದಯ ಕಲಿಸ್ತೀಯಾ?" ಎಂದರು.

"ಬಂಗುಡೆಗೂ ಹೃದಯ ಇತ್ತ್ ಸಾರ್" ಎಂದ ಮಾಧವ. "ಎರಡೇ ಕೋಣೆ. ಮನ್ಷರಿಗೆ ನಾಲ್ಕ್ ಕೋಣೆ ಇದ್ರೂ ಕೆಲವ್ರ್ ಒಂದ್ರಲ್ಲೂ ಜಾಗ ಕೊಡುದಿಲ್ಲ."

ಮುಖ್ಯಸ್ಥರು ಮೇಜು ಕುಟ್ಟಿ ನಕ್ಕರು. "ಇವನನ್ನ ನೀವೇ ಸುಧಾರಿಸಿ" ಎಂದು ನನ್ನ ಕಡೆ ತಳ್ಳಿದರು. ಒಂದು ವರ್ಷ ತರಬೇತಿ, ಆಮೇಲೆ ಖಾಯಂ ನೇಮಕ ಎಂದು ಮಾತಾಯಿತು.

ಮೂಳೆಯ ಚೀಲ ಅವನಿಗೆ ಆಟವಾಯಿತು. ಇತರ ಅಧ್ಯಾಪಕರು ಪಾಠ ಮುಗಿಸಿ ಸ್ಟಾಫ್ ರೂಮಿಗೆ ಹೋದರೆ, ಅವನು ಡಿಸೆಕ್ಷನ್ ಹಾಲ್‌ನಲ್ಲಿ ಮೇಜಿಂದ ಮೇಜಿಗೆ ಸುತ್ತುತ್ತಿದ್ದ. "ಹ್ವಾಯ್, ಹಾಂಗ್ ಕತ್ತಿ ಎಳಿಬೇಡಿ, ಅದ್ ನರ, ಹಗ್ಗ ಅಲ್ಲ" ಎಂದು ಅವನ ದನಿ ಕೇಳುತ್ತಿತ್ತು. ಮಕ್ಕಳು ಹಿಂದಿನಿಂದ "ಮೀನ್ ಸರ್" ಎನ್ನುತ್ತಿದ್ದರು. ಅವನಿಗೆ ಗೊತ್ತಿತ್ತು. "ಕರೀಲಿ ಮೇಡಂ, ಮೀನ್ ತಿನ್ನದವ್ರೂ ಕರೀತ್ರ್ ಅಂದ್ಮೇಲೆ ಪ್ರೀತಿಯೇ ಇರ್ಕ್" ಎಂದ.

ಅವನು ಬಂದ ವರ್ಷವೇ ಸಾಲಿಗ್ರಾಮದ ಒಬ್ಬ ನಿವೃತ್ತ ಶಾಲಾ ಮೇಷ್ಟ್ರ ದೇಹ ನಮ್ಮಲ್ಲಿಗೆ ದಾನವಾಗಿ ಬಂತು. ಕಾಗದಪತ್ರಕ್ಕೆ ಸಹಿ ಬೇಕಿತ್ತೆಂದು ಕೆಲವು ದಿನ ಬಿಟ್ಟು ನಾನು ಅವರ ಮನೆಗೆ ಹೋದೆ. ಅವರ ಹೆಂಡತಿ, ಎಪ್ಪತ್ತು ದಾಟಿದವರು, ಜಗಲಿಗೆ ಬಂದು, "ಬನ್ನಿ ಡಾಕ್ಟ್ರಮ್ಮ, ಕೂಕಣಿ" ಎಂದರು.

"ನಾನು ಡಾಕ್ಟರಲ್ಲ ಅಮ್ಮ. ಅಲ್ಲಿ ಕಲಿಸುವವಳು."

"ಕಲ್ಸುದಾ? ಹಾಂಗಾರೆ ಟೀಚರ್. ಇವ್ರೂ ಅದೇ ಅಲ್ದಾ?" ಎಂದವರು ಆಮೇಲೆ ನನ್ನನ್ನು ಟೀಚರ್ ಎಂದೇ ಕರೆದರು. "ಪೆನ್ಶನ್ ತಿಂದ ಮೈ, ಇನ್ನೊಂದ್ ವರ್ಷ ಕ್ಲಾಸಿಗೆ ಹೋಯ್ಲಿ ಅಂದ್ ಹೇಳಿ ಸಹಿ ಹಾಕಿದ್ರ್. ನಾನ್ ಬ್ಯಾಡ ಅನ್ಲಿಲ್ಲ. ಮೈ ಇಲ್ದೆ ಕ್ರಿಯೆ ಎಲ್ಲ ದರ್ಭೆಯ ಗೊಂಬೆಯಲ್ಲೇ ಮಾಡಿ ಆಯ್ತ್. ಮನ್ಸಿಗೆ ಮಾತ್ರ ಆದಂಗ್ ಆಯ್ಲಿಲ್ಲ." ಆಮೇಲೆ ಹೇಳಿದರು: "ನಿಮ್ಮ ಕೆಲ್ಸ ಎಲ್ಲ ಮುಗ್ದ್ ಮೇಲೆ ಸುಡ್ತ್ರಿ ಅಲ್ದಾ? ಆಗ ಎಲ್ಲ ಒಟ್ಟಿಗೆ ಸುಡಿ. ಒಂದ್ ಇಲ್ಲಿ, ಒಂದ್ ಅಲ್ಲಿ ಅಂದ್ ಆಪ್ಪುಕಾಗ. ಆ ದಿನ ಬಂದ್ ನಂಗೊಂದ್ ಹೇಳಿ. ನಂಗೆ ಬೇರೆ ಎಂತದೂ ಬ್ಯಾಡ."

"ಖಂಡಿತ ಅಮ್ಮ" ಎಂದೆ. ನನಗೆ ಅದು ಬಹಳ ಸುಲಭದ ಮಾತೆನಿಸಿತು. ಏಕೆಂದರೆ ನಮ್ಮ ಪದ್ಧತಿಯೇ ಹಾಗಿತ್ತು. ಹಾಲ್‌ನಲ್ಲಿ ಆರು ಮೇಜು, ಆರು ದೇಹ. ಒಂದು ದೇಹದಿಂದ ಬಿಡಿಸಿ ತೆಗೆದ ಪ್ರತಿ ಭಾಗಕ್ಕೂ ಆ ಮೇಜಿನ ನಂಬರಿನ ಬಿಲ್ಲೆ ಕಟ್ಟುತ್ತಿದ್ದೆವು, ಅದೇ ನಂಬರಿನ ಬಕೆಟ್ಟಿನಲ್ಲಿ ಇಡುತ್ತಿದ್ದೆವು. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರನ್ನೂ ಪೂರ್ತಿಯಾಗಿ ಬೆಂಕಿಗೆ ಒಪ್ಪಿಸುತ್ತಿದ್ದೆವು. ಮೇಷ್ಟ್ರು ನಾಲ್ಕನೇ ಮೇಜಿನಲ್ಲಿದ್ದರು.

ಮರುವರ್ಷ ಪರೀಕ್ಷೆ ಬಂತು. ಸ್ಪಾಟರ್ ಪರೀಕ್ಷೆ ಎಂದರೆ, ಅಂಗಗಳನ್ನು ಸಾಲಾಗಿ ಇಟ್ಟು ಒಂದೊಂದು ಕಡೆ ಗುಂಡುಸೂಜಿ ಚುಚ್ಚುತ್ತೇವೆ, ವಿದ್ಯಾರ್ಥಿಗಳು ಸಾಗುತ್ತಾ ಆ ಜಾಗದ ಹೆಸರು ಬರೆಯಬೇಕು. ಆದರೆ ಮಕ್ಕಳು ಅಂಗವನ್ನು ಬಿಟ್ಟು ಬಿಲ್ಲೆಯನ್ನು ಓದಲು ಕಲಿತಿದ್ದರು. ಎರಡನೇ ಮೇಜಿನ ಹೃದಯ ಬಂದರೆ ಈ ಉತ್ತರ, ಐದನೆಯದು ಬಂದರೆ ಆ ಉತ್ತರ ಎಂದು ಮೊದಲು ಪರೀಕ್ಷೆ ಮುಗಿಸಿದ ಬ್ಯಾಚಿನವರು ಹೊರಗೆ ಕಾಯುತ್ತಿದ್ದವರಿಗೆ ಹೇಳಿಬಿಡುತ್ತಿದ್ದರು. ಅದಕ್ಕೆ ಆ ದಿನ ಆರೂ ಹೃದಯಗಳ ಬಿಲ್ಲೆ ಬಿಚ್ಚಿ ಇಡಲಾಯಿತು. ಹೃದಯಗಳನ್ನು ಇಟ್ಟ ಅನುಕ್ರಮದಲ್ಲೇ ಮಾಧವ ಬಿಲ್ಲೆಗಳನ್ನು ದಾರಕ್ಕೆ ಪೋಣಿಸಿಟ್ಟಿದ್ದ. ಪರೀಕ್ಷೆ ಮುಗಿದದ್ದೇ ನಾವೆಲ್ಲ ಉತ್ತರಪತ್ರಿಕೆಯ ಹಿಂದೆ ಬಿದ್ದೆವು. ಹಾಲ್‌ನ ಅಟೆಂಡರ್ ಶೀನ ಎಂದಿನಂತೆ ಮೇಜು ತೊಳೆದ. ಆರೂ ಹೃದಯಗಳನ್ನು ಒಂದೇ ಬಕೆಟ್ಟಿಗೆ ಹಾಕಿ ಫಾರ್ಮಾಲಿನ್ ಸುರಿದ.

ಮರುದಿನ ಬೆಳಿಗ್ಗೆ ನಾನು ಆ ಬಕೆಟ್ಟಿನ ಮುಚ್ಚಳ ತೆಗೆದು ನೋಡಿ ಶೀನನನ್ನು ಕರೆದೆ. "ಬಿಲ್ಲೆ ಇಲ್ಲ, ನಾನ್ ಎಂತ ಮಾಡುದ್?" ಎಂದ ಶೀನ. ಅವನ ತಪ್ಪೇನೂ ಇರಲಿಲ್ಲ. ನಾನು ಮಾಧವನ ಕಡೆ ತಿರುಗಿ, ಶೀನನ ಎದುರಿನಲ್ಲೇ, "ಇದು ಗಂಗೊಳ್ಳಿಯ ಮೀನಿನ ಹರಾಜು ಅಂದ್ಕೊಂಡಿಯಾ? ರಾಶಿ ಹಾಕಿ ಕೂಗುವುದಾ?" ಎಂದೆ. ಈ ಮಾತು ಡೈರಿಯಲ್ಲಿ ಇಲ್ಲ. ಇದನ್ನು ನೆನಪೇ ಇಟ್ಟುಕೊಂಡಿದೆ, ಮತ್ತು ಈ ಒಂದರಲ್ಲಿ ಅದು ಸುಳ್ಳು ಹೇಳುತ್ತಿಲ್ಲ.

ಮುಖ್ಯಸ್ಥರು ಬಂದರು. "ಬಿಲ್ಲೆ ಬಿಚ್ಚಿದ್ದು ಯಾರು?"

"ನಾನ್ ಸಾರ್" ಎಂದ ಮಾಧವ.

"ನಿನ್ನ ನೇಮಕದ ಕಾಗದ ನನ್ನ ಮೇಜಿನಲ್ಲೇ ಇದೆ, ಗೊತ್ತುಂಟಲ್ಲ?" ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಆರರಲ್ಲಿ ಒಂದನ್ನು ನಾಲ್ಕನೇ ಬಕೆಟ್ಟಿಗೆ ಹಾಕಿ. ಆ ಅಮ್ಮ ಬಂದು ನೋಡ್ತಾರಾ? ಯಾರಿಗೆ ಗೊತ್ತಾಗ್ತದೆ?"

ಹೂಂ ಎನ್ನಲು ನನ್ನ ಬಾಯಿ ತೆರೆದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಸಾಲಿಗ್ರಾಮದ ಜಗಲಿಯಲ್ಲಿ ಕೂತು, "ಎಲ್ಲ ಒಟ್ಟಿಗಿತ್ತು ಅಮ್ಮ" ಎಂದು ಹೇಳುವ ನನ್ನ ದನಿಯೂ ನನಗೆ ಕೇಳಿಸಿತು. ಆ ದನಿ ಕೇಳಿಯೇ ಬಾಯಿ ಮುಚ್ಚಿದೆ. "ಹುಡುಕುವ" ಎಂದೆ.

ಆಮೇಲೆ ನಾಲ್ಕು ದಿನ ಕಾಲೇಜಿಗೆ ರಜೆ ಇತ್ತು. ನಾನೂ ಮಾಧವನೂ ಬೆಳಿಗ್ಗೆ ಹಾಲ್‌ಗೆ ಹೋಗಿ ಆರೂ ಹೃದಯಗಳನ್ನು ಆರು ಟ್ರೇಯಲ್ಲಿ ಇಟ್ಟೆವು. ಹೃದಯವನ್ನು ಹೊರಗೆ ತೆಗೆಯುವಾಗ ಅದರ ದೊಡ್ಡ ರಕ್ತನಾಳಗಳನ್ನು ಕತ್ತರಿಸುತ್ತಾರೆ. ಅವುಗಳ ಅರ್ಧ ತುದಿ ಹೃದಯದಲ್ಲಿ ಉಳಿಯುತ್ತದೆ, ಇನ್ನರ್ಧ ದೇಹದಲ್ಲಿ. ಒಡೆದ ಮಡಕೆಯ ಎರಡು ಹೋಳುಗಳ ಹಾಗೆ ಅವನ್ನು ಜೋಡಿಸಿ ನೋಡಬೇಕು. ಯಾವ ಪುಸ್ತಕದಲ್ಲೂ ಈ ಪಾಠ ಇಲ್ಲ.

"ನಾಲ್ಕನೆಯದ್ದನ್ನು ಮೊದಲು ನೋಡುವ" ಎಂದೆ. "ಅದು ಸಿಕ್ಕಿದರೆ ಸಾಕು."

ಮಾಧವ ಕೈಗವಸು ಹಾಕುತ್ತಿದ್ದವನು ನಿಲ್ಲಿಸಿದ. "ಉಳ್ದ್ ಐದ್ ಜನ ಎಂತ ಮಾಡಿದ್ರ್ ಮೇಡಂ? ಕೇಂಬುಕೆ ಜನ ಇಲ್ಲ ಅಂದ್ಕಂಡ್ ಹಾಂಗೇ ಬಿಡುದಾ?"

ಉಳಿದ ಐದು ದೇಹಗಳು ವಾರಸುದಾರರಿಲ್ಲದವು. ನನಗೆ ನಾಚಿಕೆಯಾಯಿತು. ಒಂದನೇ ಮೇಜಿನಿಂದಲೇ ಶುರು ಮಾಡಿದೆವು.

ಒಂದು ಹೃದಯ ಬಹಳ ಸಣ್ಣದು, ಆರನೇ ಮೇಜಿನ ಸಣ್ಣ ಮೈಯ ಹೆಂಗಸಿನದು. ಇನ್ನೊಂದರ ಮಹಾಧಮನಿ ಮೊಟ್ಟೆಯ ಚಿಪ್ಪಿನಂತೆ ಗಡುಸಾಗಿತ್ತು, ಅದರ ಇನ್ನರ್ಧ ಮೂರನೇ ಮೇಜಿನಲ್ಲಿ ಸಿಕ್ಕಿತು. ಶ್ವಾಸಕೋಶದಿಂದ ಹೃದಯಕ್ಕೆ ಬರುವ ನಾಳ ಸಾಮಾನ್ಯವಾಗಿ ನಾಲ್ಕು, ಒಂದರಲ್ಲಿ ಐದಿತ್ತು. ಅದು ಒಂದನೇ ಮೇಜಿನದು. ಐದನೆಯದಕ್ಕೆ ಎರಡನೇ ದಿನ ಪೂರ್ತಿ ಹಿಡಿಯಿತು. ಮೂರನೇ ದಿನಕ್ಕೆ ಎರಡು ಉಳಿದವು. ಎರಡನೇ ಮೇಜು, ನಾಲ್ಕನೇ ಮೇಜು. ಒಂದೇ ಗಾತ್ರ, ಒಂದೇ ವಯಸ್ಸಿನ ಗಂಡಸರು. ಕತ್ತರಿಸಿದ ತುದಿಗಳು ಫಾರ್ಮಾಲಿನ್ನಿನಲ್ಲಿ ಮುದುಡಿ, ಹೀಗಿಟ್ಟರೂ ಕೂರುತ್ತವೆ, ಹಾಗಿಟ್ಟರೂ ಕೂರುತ್ತವೆ ಎಂಬಂತೆ ಕಂಡವು. ಮಧ್ಯಾಹ್ನದವರೆಗೆ ನಾನು ಎರಡು ಸಲ ನಿರ್ಧರಿಸಿ ಎರಡು ಸಲ ಬದಲಾಯಿಸಿದೆ.

ಮಾಧವ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, "ಇದ್ ಎಡಗೈಯವ್ರ್ ಕುಯ್ದದ್ದ್" ಎಂದ.

"ಹೇಗೆ ಹೇಳ್ತಿ?"

"ಕಾಣಿ ಮೇಡಂ. ಐದ್ರಲ್ಲೂ ಕತ್ತಿ ಹೋದ ಓರೆ ಒಂದೇ ಬದಿಗೆ. ಇದ್ರದ್ದ್ ಒಂದ್ರದ್ದೇ ತಿರ್ಗ. ನಾಲ್ಕನೇ ಮೇಜಂಗೆ ಆ ಉದ್ದ ಜಡೆಯ ಹುಡ್ಗಿ ಎಡಗೈಯವ್ಳ್. ಅವ್ಳೇ ತೆಗ್ದದ್ದ್, ನಾನ್ ಬದಿಯಂಗೇ ಇದ್ದಿದ್ದೆ. ನಂಗ್ಳ ಮನೆಯಂಗೂ ಹಾಂಗೇ, ಎಡಗೈಯವ್ರ್ ಕುಯ್ದ ಮೀನ್ ಹೋಳ್ ಕಂಡ್ರೆ ಗೊತ್ತಾತ್ತ್."

ನಾವು ಆ ಹೃದಯವನ್ನು ನಾಲ್ಕನೇ ಮೇಜಿಗೆ ಒಯ್ದೆವು. ದೇಹದಲ್ಲಿ ಉಳಿದಿದ್ದ ತುದಿಯ ಓರೆಯೂ ತಿರುಗುಮುರುಗೇ ಇತ್ತು. ಇಟ್ಟಾಗ ಅಂಚಿಗೆ ಅಂಚು ಕೂತಿತು. ಎರಡನೇ ಮೇಜಿಗೆ ಅದನ್ನೇ ಇಟ್ಟು ನೋಡಿದೆವು, ನಡುವೆ ಸಂದು ಬಿತ್ತು. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಡೈರಿಯಲ್ಲಿ "ಸಿಕ್ಕಿತು" ಎಂದು ಒಂದೇ ಪದವಿದೆ.

ಡಾಕ್ಟರಲ್ಲದವರು ಕಲಿಸಬಹುದೇ ಎಂದು ಕೇಳುವವರಿಗೆ ನಾನು ಹೇಳುವುದು ಈ ದಿನದ ಕಥೆಯನ್ನೇ. ಹೃದಯದ ಬಗ್ಗೆ ಅವನಿಗಿಂತ ಹೆಚ್ಚು ಓದಿದವರು ನಮ್ಮ ವಿಭಾಗದಲ್ಲಿ ಹಲವರಿದ್ದರು. ಯಾವ ವಿದ್ಯಾರ್ಥಿನಿಯ ಕೈ ಯಾವುದು ಎಂದು ಗೊತ್ತಿದ್ದವನು ಅವನೊಬ್ಬ.

ಮುಂದಿನ ವಾರ ಮಾಧವ ಗಂಗೊಳ್ಳಿಯಿಂದ ಬಲೆ ಹೆಣೆಯುವ ನೈಲಾನ್ ನೂಲು ತಂದ. ಪ್ರತಿ ಅಂಗದ ಒಳಗೆ, ಹೊರಗಿಂದ ಕಾಣದ ಹಾಗೆ, ಒಂದು ತುಂಡು ನೂಲು ಹೊಲಿದ. ಒಂದನೇ ಮೇಜಿಗೆ ಒಂದು ಗಂಟು, ನಾಲ್ಕನೆಯದಕ್ಕೆ ನಾಲ್ಕು. ಬಲೆಯ ಗಂಟು ಉಪ್ಪುನೀರಿಗೂ ಜಾರುವುದಿಲ್ಲ, ಫಾರ್ಮಾಲಿನ್ನಿಗೂ ಜಾರಲಿಲ್ಲ. ಬಿಲ್ಲೆ ಬಿಚ್ಚಿದರೂ ಮಕ್ಕಳಿಗೆ ತಿಳಿಯುವುದಿಲ್ಲ, ನಮಗೆ ತಪ್ಪುವುದಿಲ್ಲ. ಮುಖ್ಯಸ್ಥರು ಬಂದು ಬೆರಳಲ್ಲಿ ಗಂಟು ಮುಟ್ಟಿ ನೋಡಿದರು. "ಬಂಗುಡೆಯವನೇ" ಎಂದರು. ಅಷ್ಟೇ. ಆ ಮಧ್ಯಾಹ್ನ ನೇಮಕದ ಕಾಗದ ಹೊರಬಂತು. ನಾನು ನಿವೃತ್ತಳಾಗುವವರೆಗೂ ಆ ಗಂಟಿನ ಪದ್ಧತಿ ನಡೆಯಿತು.

ಈಗ ಜಗಳದ ವಿಷಯ. ಬಿಲ್ಲೆ ಬಿಚ್ಚುವ ಉಪಾಯ ಮಾಧವನದು, ಹೊಸಬನ ಅತಿ ಉತ್ಸಾಹ ಎಂದೇ ಇಷ್ಟು ವರ್ಷ ನನ್ನ ನೆನಪು. ತರಬೇತಿಗೆ ಬಂದವರಿಗೆಲ್ಲ ಹಾಗೆಯೇ ಹೇಳಿದ್ದೇನೆ, ಹೆಸರು ಬಿಟ್ಟು. ಇದನ್ನು ಬರೆಯಲೆಂದು ಡೈರಿ ತೆಗೆದರೆ ಪರೀಕ್ಷೆಯ ಹಿಂದಿನ ದಿನ ನನ್ನದೇ ಅಕ್ಷರದಲ್ಲಿ ಹೀಗಿದೆ: "ನಾಳೆ ಬಿಲ್ಲೆ ಬಿಚ್ಚಿಡಲು ಮಾಧವನಿಗೆ ಹೇಳಿದೆ. ಮಕ್ಕಳ ಆಟ ಇನ್ನು ನಡೆಯದು." ಎರಡು ಪುಟ ಮುಂದೆ: "ಯಾರು ಬಿಚ್ಚಿದ್ದೆಂದು ಕೇಳಿದರು. ಅವನು ನಾನು ಎಂದ. ನಾನು ಮಾತಾಡಲಿಲ್ಲ."

ಪುಸ್ತಕ ಮುಚ್ಚಿಟ್ಟೆ. ಮೂರು ದಿನ ಮತ್ತೆ ತೆರೆಯಲಿಲ್ಲ. ಹೀಗೆ ಬರೆದವಳಿಗೆ ಆ ದಿನ ಸತ್ಯ ಗೊತ್ತಿತ್ತು. ಅದು ಯಾವಾಗ ನನ್ನೊಳಗೆ ಬದಲಾಯಿತು? ಬೇಕೆಂದೇ ಬದಲಾಯಿಸಿದೆನೆ?

ಮಾಧವ ಈಗ ದೂರದ ಒಂದು ಕಾಲೇಜಿನಲ್ಲಿ ತಾನೇ ಹೊಸಬರನ್ನು ತಯಾರು ಮಾಡುತ್ತಾನೆ. ರಜೆಗೆ ಹೆಂಡತಿಯ ಊರು ಯಡ್ತರೆಗೆ ಬಂದಿದ್ದಾನೆಂದು ತಿಳಿದು ಡೈರಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಅವನು ಅಂಗಳದಲ್ಲೇ ಸಿಕ್ಕಿದ. ತಲೆಯೆಲ್ಲ ನರೆತಿದೆ. ಸಿಯಾಳ ಕೆತ್ತಿ ಕೈಗೆ ಕೊಟ್ಟ. ನಾನು ಕುಡಿಯುವ ಮೊದಲೇ ಆ ಎರಡು ಸಾಲು ಓದಿ ಹೇಳಿದೆ.

ಅವನು ಹುಬ್ಬು ಗಂಟಿಕ್ಕಿದ. "ಅಲ್ಲ ಮೇಡಂ. ಬಿಲ್ಲೆ ಬಿಚ್ಚುವ ಅಂದದ್ದ್ ನಾನೇ. ನೀವ್ ಹ್ಞಾಂ ಅಂದ್ರಿ."

"ಇಲ್ಲಿ ಬರೆದಿದೆಯಲ್ಲ."

ಅವನು ಪುಸ್ತಕ ತೆಗೆದುಕೊಂಡು ತಾನೇ ಓದಿದ. ಬಹಳ ಹೊತ್ತು ಓದಿದ. "ಇಷ್ಟ್ ವರ್ಷ ನಂದೇ ತಪ್ಪ್ ಅಂದ್ಕಂಡಿದ್ದೆ ಮರಾಯ್ರೆ. ಹೊಸಬ್ರಿಗೂ ಹಾಂಗೇ ಹೇಳುದ್, ನಾನೊಬ್ಬ ಪೆದ್ದ ಇದ್ದಿದ್ದೆ ಅಂದ್." ಆಮೇಲೆ ನಕ್ಕುಬಿಟ್ಟ. "ಹಾಂಗಾರೆ ಅವತ್ತಿನ ಬೈಗುಳ ವಾಪಸ್ ತಕಣಿ."

"ಹರಾಜಿನ ಮಾತು ನೆನಪಿದೆಯಾ?"

ನಗು ನಿಂತಿತು. "ಅದ್ ನೆನ್ಪಿತ್ತ್. ಅದೊಂದ್ ನೋವಾಯ್ತ್. ಉಳ್ದದ್ದ್ ಎಂತದೂ ಇಲ್ಲ."

"ಆ ಮಾತು ಆಡಬಾರದಿತ್ತು ಮಾಧವ. ಮುಖ್ಯಸ್ಥರು ಕೇಳಿದಾಗ ಬಿಚ್ಚಲು ಹೇಳಿದ್ದು ನಾನೇ ಎನ್ನಬೇಕಿತ್ತು."

ಅವನು ತಲೆಯಾಡಿಸಿದ. ಪರವಾಗಿಲ್ಲ ಎನ್ನಲಿಲ್ಲ. ಅದು ನನಗೆ ಒಳ್ಳೆಯದೆನಿಸಿತು. "ಸಿಯಾಳ ಕುಡಿನಿ, ಬಿಸಿ ಆತ್ತ್" ಎಂದ. ಕುಡಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಕುಂಭಾಶಿಯವರೆಗೆ ನಿದ್ದೆ ಮಾಡಿದೆ. ಬಸ್ಸಿನಲ್ಲಿ ನಾನು ನಿದ್ದೆ ಮಾಡುವವಳಲ್ಲ.

ನನ್ನ ನೆನಪು, ಡೈರಿ, ಮಾಧವ, ಮೂರೂ ಒಪ್ಪುವ ದಿನವೊಂದಿದೆ. ಅದನ್ನು ಕೊನೆಗೆ ಉಳಿಸಿಕೊಂಡಿದ್ದೆ.

ಮೇಷ್ಟ್ರು ಬಂದು ಎರಡು ವರ್ಷವಾಗುತ್ತಾ ಬಂದಿತ್ತು. ಬೆಳಿಗ್ಗೆ ಆರೂ ಜನರನ್ನು ಬೆಂಕಿಗೆ ಒಪ್ಪಿಸಿದೆವು. ಮಾಧವ ಒಂದೊಂದು ಬಕೆಟ್ಟಿನಲ್ಲೂ ಗಂಟು ಮುಟ್ಟಿ ನೋಡಿ, ಆಮೇಲೆಯೇ ಮುಂದೆ ಬಿಟ್ಟ. ಮಧ್ಯಾಹ್ನ ನಾವಿಬ್ಬರೂ ಸಾಲಿಗ್ರಾಮಕ್ಕೆ ಹೋದೆವು. ಅಮ್ಮ ಜಗಲಿಯಲ್ಲಿದ್ದರು. ನಮ್ಮ ಮುಖ ನೋಡಿಯೇ ಎದ್ದು ನಿಂತರು.

"ಇವತ್ತಾ?"

"ಇವತ್ತು ಬೆಳಿಗ್ಗೆ ಅಮ್ಮ."

"ಎಲ್ಲ ಒಟ್ಟಿಗೇ ಹೋಯ್ತಾ ಟೀಚರ್?"

ನಾನು ಮಾಧವನ ಕಡೆ ನೋಡಿದೆ. ಅದನ್ನು ಹೇಳಬೇಕಾದವನು ಅವನು.

"ಎಲ್ಲ ಒಟ್ಟಿಗೇ ಅಮ್ಮ" ಎಂದ ಅವನು. "ಒಂದೂ ಬಿಡ್ಲಿಲ್ಲ."

ಅವರು ಒಂದು ಕ್ಷಣ ಕಂಬ ಹಿಡಿದು ನಿಂತರು. "ಹಾಂಗಾರೆ ನಾನ್ ಮಿಂದ್ಕಂಡ್ ಬತ್ತೆ. ನೀವ್ ಕೂಕಣಿ" ಎಂದು ಸೀರೆಯ ಸೆರಗು ಸುತ್ತಿಕೊಂಡು ಮನೆಯ ಹಿಂದೆ ನಡೆದರು. ಬಾವಿಯ ರಾಟೆ ತಿರುಗಿದ ಸದ್ದು ಬಂತು. ಕೊಡಪಾನ ಮೇಲೆ ಬಂತು, ನೀರು ಕಲ್ಲಿನ ಮೇಲೆ ಬಿತ್ತು. ಮತ್ತೆ ರಾಟೆ ತಿರುಗಿತು. ಚಿತೆ ಉರಿಸಿ ಬಂದ ಮನೆಯವರು ಮಾಡುವ ಸ್ನಾನ ಅದು. ಗಂಡ ತೀರಿಕೊಂಡು ಸುಮಾರು ಎರಡು ವರ್ಷದ ಮೇಲೆ ಅವರು ಅದನ್ನು ಮಾಡುತ್ತಿದ್ದರು. ಮಾಧವನೂ ನಾನೂ ಜಗಲಿಯ ತುದಿಯಲ್ಲಿ ಕೂತು ಆ ನೀರಿನ ಸದ್ದು ಕೇಳಿದೆವು.

ಅವರು ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಂದರು. ಮುಖ ಹಗುರವಾಗಿತ್ತು.

"ಆಯ್ತ್ ಟೀಚರ್" ಎಂದರು. "ಇನ್ನ್ ಕಾಫಿ ಕುಡಿವ."